ಗಾಣಗಾಪುರದಿಂದ ಕೃಷ್ಣಾ ಸಂಗಮದವರೆಗೆ, ದೋಣಿ ಮತ್ತು ನಡಿಗೆ: ಮನೆ ಬಿಡುವ ಮುಂಚೆ ಏನೇನು ಆಗಬೇಕು?

ಭೀಮಾದಂಡೆ, ಕಲಬುರಗಿ (ಅಕ್ಟೋಬರ್ 12)

ಎಲ್ಲರಿಗೂ ನಮಸ್ಕಾರ. ನವೆಂಬರ್ ಕೊನೆಗೆ ನಾನು, ನನ್ನ ಗೆಳೆಯ ಇಬ್ಬರೂ ದೇವಲ ಗಾಣಗಾಪುರದ ಸಂಗಮದಿಂದ ಹೊರಟು ಭೀಮಾ ಹೊಳೆಯ ಜೊತೆಗೇ ಕೆಳಗೆ ಹೋಗಬೇಕು ಅಂತ ಮಾಡಿದ್ದೇವೆ. ನೀರಿದ್ದಲ್ಲಿ ದೋಣಿ, ನೀರಿಲ್ಲದಲ್ಲಿ ನಡಿಗೆ. ಕಟ್ಟಿಸಂಗಾವಿ, ಫಿರೋಜಾಬಾದ್, ಕಾಗಿಣಾ ಬಂದು ಸೇರುವ ಹೊನಗುಂಟಾ, ಸನ್ನತಿ, ಯಾದಗಿರಿ, ಕೊನೆಗೆ ರಾಯಚೂರು ಜಿಲ್ಲೆಯಲ್ಲಿ ಭೀಮಾ ಕೃಷ್ಣೆಗೆ ಸೇರುವ ಜಾಗ. ಹೊಳೆ ಹುಟ್ಟುವ ಭೀಮಾಶಂಕರದಿಂದ ಅಲ್ಲಿಯವರೆಗೆ ಹೊಳೆಯ ಉದ್ದ 861 ಕಿ.ಮೀ. ನಮ್ಮದು ಕೊನೆಯ ತುಂಡು ಅಷ್ಟೇ. 20 ದಿನ ರಜೆ ಸಿಕ್ಕಿದೆ. ಎಳ್ಳಮಾವಾಸ್ಯೆಗೆ ಹೊಲದಲ್ಲಿ ಚರಗ ಚೆಲ್ಲುವ ಹೊತ್ತಿಗೆ ವಾಪಸ್ ಇರಲೇಬೇಕು.

ದೋಣಿ ಎಂದರೆ ಗಾಳಿ ತುಂಬುವ ಸಣ್ಣ ಪ್ಯಾಕ್‌ರಾಫ್ಟ್. ಗಾಳಿ ಬಿಟ್ಟು ಸುತ್ತಿದರೆ ಬೆನ್ನ ಮೇಲಿನ ಬ್ಯಾಗಿನಲ್ಲಿ ಹಿಡಿಯುತ್ತದೆ. ಒಂದೊಂದು ಸುಮಾರು ಮೂರು ಕೆ.ಜಿ. ಹುಟ್ಟು ನಾಲ್ಕು ತುಂಡಾಗಿ ಬಿಚ್ಚಿಕೊಳ್ಳುತ್ತದೆ. ಲೈಫ್ ಜಾಕೆಟ್ ಎರಡು ತಂದಾಗಿದೆ.

ನಾನು ಹುಟ್ಟಿದ್ದು ಅಫಜಲಪುರ ತಾಲೂಕಿನ ಹೊಳೆದಂಡೆಯ ಊರಲ್ಲಿ. ಆದರೂ ಈ ಹೊಳೆಯನ್ನು ನಾನು ನೋಡಿದ್ದೆಲ್ಲ ಸೇತುವೆ ಮೇಲಿಂದ, ಬಸ್ಸಿನ ಕಿಟಕಿಯಿಂದ. ನಮ್ಮೂರ ತಿರುವು ದಾಟಿದ ಮೇಲೆ ಅದು ಎಲ್ಲಿಗೆ ಹೋಗುತ್ತದೆ ಅಂತ ಚಿಕ್ಕಂದಿನಿಂದ ಕೇಳಿಕೊಂಡಿದ್ದೇನೆ. ನಲವತ್ತು ದಾಟಿತು. ಈಗ ಹೋಗದಿದ್ದರೆ ಮುಂದೆ ಮೊಣಕಾಲು ಬಿಡುವುದಿಲ್ಲ.

ತೊಡಕು ಇರುವುದು ಮನೆಯಲ್ಲಿ. ಅವ್ವನಿಗೆ 68. ಬಿಪಿ, ಶುಗರ್ ಎರಡೂ ಇವೆ. ಮೂರು ಎಕರೆ ತೊಗರಿ ಡಿಸೆಂಬರ್‌ನಲ್ಲಿ ಕಟಾವಿಗೆ ಬರುತ್ತದೆ. ಅದಕ್ಕಿಂತ ದೊಡ್ಡದು, ಅವ್ವನ ತಮ್ಮ, ಅಂದರೆ ನನ್ನ ಸೋದರಮಾವ, ಇದೇ ಹೊಳೆಯಲ್ಲಿ ಮುಳುಗಿ ಹೋದವನು. ಈ ಮಾತು ಎತ್ತಿದರೆ ಅವ್ವ ಎದ್ದು ಒಳಗೆ ಹೋಗುತ್ತಾಳೆ. ಹೀಗೆ ದಿನಗಟ್ಟಲೆ ಮನೆ ಬಿಟ್ಟು ಹೋಗಿ ಬಂದವರು ಇಲ್ಲಿ ಇದ್ದೀರಿ. ನೀವು ಏನು ಮಾಡಿಟ್ಟು ಹೋದಿರಿ?

ಸೇಡಂ ಕಾಕಾ (ಅಕ್ಟೋಬರ್ 12)

ತಮ್ಮಾ, ಯುಗಾದಿ ಮುಂಚೆ ಶ್ರೀಶೈಲಕ್ಕೆ ಏಳು ಸಲ ನಡೆದವನು ನಾನು. ಹೊಳೆಯ ವಿಷಯ ನನಗೆ ಗೊತ್ತಿಲ್ಲ. ಕಾಲಿನ ವಿಷಯ ಹೇಳುತ್ತೇನೆ.

ಹೊಸ ಬೂಟು ಬೇಡ. ಇವತ್ತೇ ತಂದರೂ ಹೊರಡುವ ಹೊತ್ತಿಗೆ ಅದು ನಿನ್ನ ಕಾಲಿನ ಆಕಾರಕ್ಕೆ ಬಂದಿರಬೇಕು. ದಿನಾ ಬೆಳಿಗ್ಗೆ ಅದೇ ಬೂಟಿನಲ್ಲಿ, ಬ್ಯಾಗಿನಲ್ಲಿ ಹತ್ತು ಕೆ.ಜಿ. ಜೋಳ ಹಾಕಿಕೊಂಡು ನಡಿ. ಮೊದಲ ವಾರ ಐದು ಕಿ.ಮೀ., ಆಮೇಲೆ ಎಂಟು, ಆಮೇಲೆ ಹನ್ನೆರಡು. ಹೊರಡುವ ಮುಂಚಿನ ನಾಲ್ಕು ದಿನ ಸುಮ್ನೆ ಕೂತು ಕಾಲಿಗೆ ವಿಶ್ರಾಂತಿ ಕೊಡು.

ಗುಳ್ಳೆ ಎದ್ದ ಮೇಲೆ ಪಟ್ಟಿ ಹಚ್ಚುವುದು ತಡವಾದ ಕೆಲಸ. ಹಿಮ್ಮಡಿ ಬಿಸಿ ಅನಿಸಿದ ಕೂಡಲೇ ಕೂತು ಬೂಟು ಬಿಚ್ಚಿ, ಒರೆಸಿ, ಆ ಜಾಗಕ್ಕೆ ಬಟ್ಟೆಯ ಟೇಪು ಅಂಟಿಸಬೇಕು. ನಾಚಿಕೆಪಟ್ಟು ಜೊತೆಯವರ ಹಿಂದೆ ಎರಡು ಕಿ.ಮೀ. ನಡೆದರೆ ಮುಂದಿನ ಮೂರು ದಿನ ಹೋಯಿತು ಅಂತ ತಿಳಿ. ನಿನ್ನದು ನೀರಿನ ದಾರಿ ಬೇರೆ. ನೆನೆದ ಕಾಲಿನ ಚರ್ಮ ಬೇಗ ಸುಲಿಯುತ್ತದೆ. ದೋಣಿಯಲ್ಲಿ ಚಪ್ಪಲಿ, ನಡೆಯುವಾಗ ಒಣ ಸಾಕ್ಸ್ ಮತ್ತು ಬೂಟು. ರಾತ್ರಿ ಮಲಗುವಾಗ ಹಾಕಿಕೊಳ್ಳಲು ಒಂದು ಜೊತೆ ಸಾಕ್ಸ್ ಪೂರಾ ಬೇರೆ ಇಡು. ಅದನ್ನು ಹಗಲಿಗೆ ಮುಟ್ಟಬೇಡ.

ಇನ್ನೊಂದು ಮಾತು. ಒಂದು ಜಡಿ ಮಳೆ ಬಂದರೂ ನಮ್ಮ ಎರೆ ಮಣ್ಣು ಕಾಲಿಗೆ ರೊಟ್ಟಿ ಹಿಟ್ಟಿನ ಹಾಗೆ ಮೆತ್ತಿಕೊಳ್ಳುತ್ತದೆ. ಆ ದಿನ ನಡೆಯಬೇಡ. ಊರಲ್ಲಿ ಕೂತುಬಿಡು. ಇಪ್ಪತ್ತು ದಿನದಲ್ಲಿ ಮೂರು ದಿನ ಹೀಗೆ ಖಾಲಿ ಬಿಟ್ಟು ಲೆಕ್ಕ ಹಾಕು.

ಯಾದಗಿರಿ ಅಂಬಿಗ (ಅಕ್ಟೋಬರ್ 13)

ಅಣ್ಣಾರ, ನಮ್ಮ ಮನೆತನ ಹೊಳೆಯದೇ. ಅಜ್ಜನ ಕಾಲದಿಂದ ಹರಗೋಲು, ಬಲೆ. ನಿಮ್ಮ ಮಾತು ಓದಿ ಖುಷಿಯೂ ಆಯಿತು, ಅಂಜಿಕೆಯೂ ಆಯಿತು. ಅಂಜಿಕೆ ಮೊದಲು ಹೇಳುತ್ತೇನೆ.

ನವೆಂಬರ್ ಹೊತ್ತಿಗೆ ಬ್ಯಾರೇಜುಗಳ ಗೇಟು ಇಳಿಸಿ ನೀರು ಹಿಡಿದಿರುತ್ತಾರೆ. ಹಾಗಾಗಿ ಹೊಳೆ ಒಂದೇ ಸಮ ಹರಿಯುವುದಿಲ್ಲ. ಬ್ಯಾರೇಜಿನ ಹಿಂದೆ ಉದ್ದಕ್ಕೆ ನಿಂತ ನೀರು, ಬ್ಯಾರೇಜಿನ ಮುಂದೆ ಬಂಡೆ, ಮರಳು, ಮೊಣಕಾಲುದ್ದ ನೀರು. ಸನ್ನತಿ, ಗುರುಸಣಗಿ, ಜೋಳದಡಗಿ, ಎಲ್ಲ ಕಡೆ ಇದೇ ಕಥೆ. ಗೇಟಿನ ಮೇಲಿಂದ ನೀರು ಬೀಳುತ್ತಿದ್ದರೆ ಅದರ ಬುಡದಲ್ಲಿ ನೀರು ತಿರುಗಿ ಮತ್ತೆ ಗೋಡೆಯ ಕಡೆಗೇ ಎಳೆಯುತ್ತದೆ. ನೋಡಲು ಸಣ್ಣ ಜಾಗ. ಅದರಲ್ಲಿ ಸಿಕ್ಕರೆ ಲೈಫ್ ಜಾಕೆಟ್ ಇದ್ದರೂ ಹೊರಗೆ ಬರುವುದು ಕಷ್ಟ. ಬ್ಯಾರೇಜು ಕಣ್ಣಿಗೆ ಬಿದ್ದ ಕೂಡಲೇ ದಂಡೆ ಹತ್ತಿಬಿಡಿ. ಇನ್ನೂ ಸ್ವಲ್ಪ ಹೋಗೋಣ ಅನ್ನುವುದು ಬೇಡ. ಕೆಳಗೆ ಮತ್ತೆ ನೀರಿಗೆ ಇಳಿಯುವಾಗಲೂ ಗೇಟಿನಿಂದ ದೂರ ಹೋಗಿ ಇಳಿಯಿರಿ.

ಮೇಲಿನಿಂದ ನೀರು ಬಿಟ್ಟರೆ ಬಿಸಿಲಿದ್ದ ದಿನವೂ ಹೊಳೆ ಏರುತ್ತದೆ. 2020ರ ಅಕ್ಟೋಬರ್‌ನಲ್ಲಿ ಮಹಾರಾಷ್ಟ್ರದ ಉಜನಿ ಅಣೆಕಟ್ಟಿನಿಂದ ಬಿಟ್ಟ ನೀರು ನಮ್ಮ ಎಷ್ಟು ಊರುಗಳಿಗೆ ನುಗ್ಗಿತು ಅಂತ ಮರೆತಿಲ್ಲ ಅಲ್ವಾ? ಹೊರಡುವ ವಾರದಿಂದ ದಿನಾ ಮೇಲಿರುವ ಸೊನ್ನ ಬ್ಯಾರೇಜಿನ ಸುದ್ದಿ ಕೇಳಿಕೊಳ್ಳಿ. ಮರಳ ದಿಬ್ಬದ ಮೇಲೆ ಎಂದೂ ಮಲಗಬೇಡಿ.

ಆಮೇಲೆ ಪಂಪ್‌ಸೆಟ್ಟಿನ ವೈರು. ದಂಡೆ ಉದ್ದಕ್ಕೂ ಮೋಟಾರು ಇವೆ. ವೈರು ಕೆಲವು ಕಡೆ ನೀರಿಗೇ ಜೋತಿರುತ್ತವೆ. ಮೋಟಾರು ಓಡುವ ಸದ್ದು ಕೇಳಿದರೆ ಆ ದಂಡೆ ಬಿಟ್ಟು ದೂರ ಸರಿಯಿರಿ. ಬಲೆಗಳೂ ಇರುತ್ತವೆ, ನಮ್ಮವರೇ ಹಾಕಿದವು. ಹುಟ್ಟು ಸಿಕ್ಕರೆ ನಿಧಾನಕ್ಕೆ ಬಿಡಿಸಿ. ಮೈ ಸಿಕ್ಕರೆ ಮಾತ್ರ ಕತ್ತರಿಸಿ. ಚಾಕು ಜಾಕೆಟ್ಟಿನ ಮೇಲೇ ಇರಲಿ, ಬ್ಯಾಗಿನಲ್ಲಿ ಅಲ್ಲ.

ಮೊಸಳೆ ಇವೆ. ಚಳಿಗಾಲದಲ್ಲಿ ಹಗಲು ಹೊತ್ತು ಮರಳ ಮೇಲೆ, ಬಂಡೆ ಮೇಲೆ ಬಿಸಿಲಿಗೆ ಬಿದ್ದಿರುತ್ತವೆ. ಕಂಡರೆ ಆಚೆ ದಂಡೆ ಹಿಡಿದು ಸುಮ್ಮನೆ ಹೋಗಿ. ಸಂಜೆ ಕತ್ತಲಾದ ಮೇಲೆ ಪಾತ್ರೆ ತೊಳೆಯಲು, ಮುಖ ತೊಳೆಯಲು ನೀರಿನ ಅಂಚಿಗೆ ಇಳಿಯಬೇಡಿ. ಬೆಳಕಿರುವಾಗಲೇ ನೀರು ತುಂಬಿಕೊಂಡು ಮೇಲೆ ಬನ್ನಿ.

ದೋಣಿಗೆ ಎಲ್ಲಕ್ಕಿಂತ ದೊಡ್ಡ ವೈರಿ ಜಾಲಿ ಮುಳ್ಳು. ಗಾಳಿ ದೋಣಿಯನ್ನು ನೆಲದ ಮೇಲೆ ಎಳೆಯಲೇಬೇಡಿ. ಪಂಚರ್ ತುಂಡು ಜಾಸ್ತಿ ಇಟ್ಟುಕೊಳ್ಳಿ.

ಕೊನೆಯದು. ನಿಮ್ಮ ಗೆಳೆಯರಿಗೆ ಈಜು ಬರುತ್ತದಾ? ನೀವು ಅದನ್ನು ಬರೆಯಲಿಲ್ಲ.

ತೊಗರಿಹೊಲ, ಜೇವರ್ಗಿ (ಅಕ್ಟೋಬರ್ 13)

ಅಂಬಿಗಣ್ಣ ಗಾಳಿಯ ಮಾತು ಬಿಟ್ಟರು. ಚಳಿಗಾಲದಲ್ಲಿ ನಮ್ಮ ಕಡೆ ಮೂಡಗಾಳಿ. ಹೊಳೆ ಹರಿಯುವುದು ಆಗ್ನೇಯಕ್ಕೆ. ಅಂದರೆ ಬಹಳ ಕಡೆ ಗಾಳಿ ನಿಮ್ಮ ಎದುರಿಗೇ. ನಿಂತ ನೀರಿನಲ್ಲಿ ಹಗುರ ದೋಣಿ ಗಂಟೆಗೆ ಮೂರು ನಾಲ್ಕು ಕಿ.ಮೀ. ಹೋದರೆ ಹೆಚ್ಚು. ಎದುರು ಗಾಳಿ ಬಂದರೆ ಅದೂ ಇಲ್ಲ. ಬೆಳಕು ಹರಿದ ಕೂಡಲೇ ನೀರಿಗೆ ಇಳಿದು, ಹತ್ತು ಗಂಟೆಯೊಳಗೆ ದಿನದ ಪಾಲು ಮುಗಿಸಿ. ಆಮೇಲೆ ನಡೆಯಿರಿ.

ನರ್ಸಕ್ಕ, ಬೀದರ್ (ಅಕ್ಟೋಬರ್ 14)

ನಿಮ್ಮ ಔಷಧಿಗಿಂತ ಮೊದಲು ಅವ್ವನ ಔಷಧಿ ಹೇಳುತ್ತೇನೆ. 20 ದಿನದ ಪ್ರವಾಸಕ್ಕೆ 40 ದಿನದ ಗುಳಿಗೆ ತಂದಿಡಿ. ವಾರದ ದಿನಗಳ ಖಾನೆ ಇರುವ ಡಬ್ಬಿಯಲ್ಲಿ ಬೆಳಿಗ್ಗೆಯದು, ರಾತ್ರಿಯದು ಬೇರೆ ಬೇರೆ ಹಾಕಿ. ನೀವೇ ತುಂಬಬೇಡಿ. ನೀವಿಲ್ಲದಾಗ ಯಾರು ತುಂಬುತ್ತಾರೋ ಅವರ ಕೈಯಿಂದ ಈಗಲೇ ಎರಡು ವಾರ ತುಂಬಿಸಿ ನೋಡಿ. ಹೊರಡುವ ಮುಂಚೆ ಒಮ್ಮೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ ಬಿಪಿ, ಶುಗರ್ ನೋಡಿಸಿ. ಶುಗರ್ ಇಳಿದರೆ ಏನಾಗುತ್ತದೆ ಅಂತ ಜೊತೆಗಿರುವವರಿಗೆ ಗೊತ್ತಿರಬೇಕು: ಬೆವರು, ಕೈ ನಡುಕ, ತಲೆಸುತ್ತು, ಮಾತು ತಡವರಿಸುವುದು. ಎಚ್ಚರವಿದ್ದರೆ ಕೂಡಲೇ ಸಕ್ಕರೆ ನೀರು. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ ಆಸ್ಪತ್ರೆ.

ಇನ್ನು ನಿಮಗೆ. ಧನುರ್ವಾಯುವಿನ ಇಂಜೆಕ್ಷನ್ ಆಗಿ ಹತ್ತು ವರ್ಷ ದಾಟಿದ್ದರೆ ಈಗಲೇ ಹಾಕಿಸಿ. ಹೊಳೆ ನೀರು ಎಷ್ಟೇ ತಿಳಿ ಕಂಡರೂ ಬಟ್ಟೆಯಲ್ಲಿ ಸೋಸಿ, ಕುದಿ ಬಂದ ಮೇಲೆ ಒಂದು ನಿಮಿಷ ಚೆನ್ನಾಗಿ ಕುದಿಸಿ ಕುಡಿಯಿರಿ. ಓಆರ್‌ಎಸ್ ಪುಡಿ ಇರಲಿ. ಮುಗಿದರೆ ಒಂದು ಲೀಟರ್ ನೀರಿಗೆ ಆರು ಚಹಾ ಚಮಚ ಸಕ್ಕರೆ, ಅರ್ಧ ಚಹಾ ಚಮಚ ಉಪ್ಪು. ಚಮಚ ಮಟ್ಟಸವಾಗಿರಬೇಕು, ಉಪ್ಪು ಜಾಸ್ತಿ ಆಗಬಾರದು.

ಹಾವು ಕಚ್ಚಿದರೆ ಕೊಯ್ಯುವುದು, ಹೀರುವುದು, ಬಿಗಿಯಾಗಿ ಕಟ್ಟುವುದು ಯಾವುದೂ ಬೇಡ. ಕಚ್ಚಿದ ಕಾಲು ಅಲ್ಲಾಡದ ಹಾಗೆ ಇಟ್ಟು ಆಸ್ಪತ್ರೆಗೆ. ದಾರಿಯಲ್ಲಿ ಯಾವ ಯಾವ ಆಸ್ಪತ್ರೆಯಲ್ಲಿ ಹಾವಿನ ವಿಷಕ್ಕೆ ಕೊಡುವ ಇಂಜೆಕ್ಷನ್ ಇದೆ ಅಂತ ಹೊರಡುವ ಮುಂಚೆಯೇ ಫೋನ್ ಮಾಡಿ ಕೇಳಿ ಬರೆದಿಟ್ಟುಕೊಳ್ಳಿ. ಆ ಹೊತ್ತಿಗೆ ಹುಡುಕಲು ಆಗುವುದಿಲ್ಲ.

ಸುರಪುರದವನು (ಅಕ್ಟೋಬರ್ 15)

ನಮ್ಮ ತಾಲೂಕಿನ ನೀಲಕಂಠರಾಯನ ಗಡ್ಡಿ ಕೃಷ್ಣೆಯ ನಡುವಿನ ಊರು. ಆಗೆಲ್ಲ ಹೊಳೆ ತುಂಬಿದರೆ ಹೊರಗಿನ ದಾರಿ ಬಂದ್ ಆಗುತ್ತಿತ್ತು. 2014ರಲ್ಲಿ ಅಲ್ಲಿನ ಒಬ್ಬ ತುಂಬು ಗರ್ಭಿಣಿ ಮೈಗೆ ಒಣ ಸೋರೆ ಬುರುಡೆ ಕಟ್ಟಿಕೊಂಡು ತುಂಬಿದ ಹೊಳೆ ಈಜಿ ದಾಟಿದ್ದರು. ಅವರಿಗೂ ನೀರಿನ ಅಂಜಿಕೆ ಇದ್ದೇ ಇತ್ತು. ಆದರೆ ಅಪ್ಪ, ಅಣ್ಣ ಎಲ್ಲ ಸುತ್ತ ಈಜುತ್ತಾ ಇದ್ದರು. ಅದಕ್ಕೇ ಅಂಬಿಗಣ್ಣ ಕೇಳಿದ ಪ್ರಶ್ನೆ ದೊಡ್ಡದು. ಒಬ್ಬರಿಗೆ ಈಜು ಬರದಿದ್ದರೆ ನಿಮ್ಮ ಇಡೀ ಯೋಜನೆಯೇ ಬೇರೆ ಆಗಬೇಕು.

ಭೀಮಾದಂಡೆ (ಅಕ್ಟೋಬರ್ 27)

ಎರಡು ವಾರ ಉತ್ತರ ಕೊಡಲಿಲ್ಲ, ಕ್ಷಮಿಸಿ. ಅಂಬಿಗಣ್ಣ ಕೇಳಿದ ಪ್ರಶ್ನೆಗೆ ಉತ್ತರ ಹುಡುಕುತ್ತಿದ್ದೆ.

ಗೆಳೆಯನಿಗೆ ಬಾವಿಯಲ್ಲಿ ಸ್ವಲ್ಪ ಈಜು ಬರುತ್ತದೆ ಅಂತ ನಾನು ತಿಳಿದಿದ್ದೆ. ಅವನೂ ಹಾಗೇ ಹೇಳಿದ್ದ. ಕಳೆದ ಭಾನುವಾರ ಅವರ ಊರಿನ ಕೆರೆಯಲ್ಲಿ, ದಂಡೆಯ ಹತ್ತಿರವೇ, ಬೇಕೆಂದೇ ದೋಣಿ ಮಗುಚಿ ನೋಡಿದೆವು. ಜಾಕೆಟ್ ಹಾಕಿಕೊಂಡಿದ್ದ. ತೇಲುತ್ತಿದ್ದ. ಆದರೆ ಅವನ ಕಣ್ಣು ನೋಡಿ ನನ್ನ ಎದೆ ಹಾರಿತು. ನನ್ನ ಕುತ್ತಿಗೆಗೆ ಜೋತುಬಿದ್ದ. ದಂಡೆಗೆ ಬಂದ ಮೇಲೆ ಬಹಳ ಹೊತ್ತು ಇಬ್ಬರೂ ಮಾತಾಡಲಿಲ್ಲ. ಆಮೇಲೆ ಅವನೇ ಹೇಳಿದ: "ನಿನ್ನ ಮನಸ್ಸು ಮುರಿಯಬಾರದು ಅಂತ ಬರುತ್ತದೆ ಅಂದಿದ್ದೆ."

ಆನ್‌ಲೈನ್‌ನಲ್ಲಿ ತರಿಸಿದ ಎರಡನೇ ದೋಣಿಯ ವಾಲ್ವ್‌ನಿಂದ ಗಾಳಿ ಸೋರುವುದೂ ಅವತ್ತೇ ಗೊತ್ತಾಯಿತು. ಅದನ್ನು ವಾಪಸ್ ಕಳಿಸಿದ್ದೇನೆ.

ಈಗ ಏನು ಮಾಡಲಿ? ಅವನನ್ನು ಬಿಟ್ಟು ಹೋಗಲು ಮನಸ್ಸಿಲ್ಲ. ಮನೆಯಲ್ಲಿ ಅವ್ವ ಇನ್ನೂ ಮಾತಾಡುತ್ತಿಲ್ಲ.

ಯಾದಗಿರಿ ಅಂಬಿಗ (ಅಕ್ಟೋಬರ್ 27)

ಒಳ್ಳೆಯದೇ ಆಯಿತು ಅಣ್ಣಾರ. ಕೆರೆಯಲ್ಲಿ ಗೊತ್ತಾಯಿತು, ಹೊಳೆಯಲ್ಲಿ ಅಲ್ಲ.

ಒಂದೇ ದೋಣಿ ಸಾಕು. ನೀವು ನೀರಿನಲ್ಲಿ, ಅವರು ದಂಡೆಯಲ್ಲಿ. ನೀವು ಅವರ ಕಡೆಯ ದಂಡೆಗೆ ಹತ್ತಿರ ಇರಬೇಕು, ಕೂಗಿದರೆ ಕೇಳುವಷ್ಟು. ಅವರ ಕೈಯಲ್ಲಿ 20 ಮೀಟರ್ ತೇಲುವ ಹಗ್ಗ ಇರಲಿ. ಎಸೆಯುವುದನ್ನು ದಿನಾ ಐವತ್ತು ಸಲ ಕಲಿಯಲಿ. ಇಬ್ಬರ ಕೊರಳಲ್ಲೂ ಸೀಟಿ. ಜಾಲಿ ಬೆಳೆದು, ಹಳ್ಳ ಅಡ್ಡ ಬಂದು ಅವರಿಗೆ ದಂಡೆ ಸಿಗದ ಕಡೆ ನೀವೂ ದೋಣಿ ಸುತ್ತಿಕೊಂಡು ಅವರ ಜೊತೆ ನಡೆಯಿರಿ. ದೋಣಿ ಕಡಿಮೆ ಆಗುತ್ತದೆ, ನಡಿಗೆ ಜಾಸ್ತಿ ಆಗುತ್ತದೆ. ಆಗಲಿ ಬಿಡಿ.

ಆಳಂದದ ಅಕ್ಕ (ಅಕ್ಟೋಬರ್ 28)

ತಮ್ಮಾ, ಇಲ್ಲಿ ಎಲ್ಲರೂ ಹೋಗುವವರ ಕಡೆಯಿಂದ ಬರೆದಿದ್ದಾರೆ. ನಾನು ಉಳಿಯುವವಳ ಕಡೆಯಿಂದ ಬರೆಯುತ್ತೇನೆ.

ನನ್ನ ಯಜಮಾನರು ವರ್ಷಾ ವರ್ಷಾ ಪಾದಯಾತ್ರೆಗೆ ಹೋಗುವವರು. ಮೊದಲ ವರ್ಷ "ಆರಾಮ ಇರು, ಏನೂ ಆಗುವುದಿಲ್ಲ" ಅಂತ ಹೇಳಿ ಹೋದರು. ಆ ಹತ್ತು ದಿನ ನಾನು ನಿದ್ದೆ ಮಾಡಲಿಲ್ಲ. ಫೋನ್ ಬಾರದಿದ್ದರೆ ಸಿಗ್ನಲ್ ಇಲ್ಲವೋ, ಏನಾದರೂ ಆಯಿತೋ ಹೇಗೆ ಗೊತ್ತಾಗಬೇಕು? ಎರಡನೇ ವರ್ಷ ಜಗಳ ಮಾಡಿ ಮೂರು ಕೆಲಸ ಮಾಡಿಸಿಕೊಂಡೆ. ಗೋಡೆಯ ಕ್ಯಾಲೆಂಡರಿನಲ್ಲಿ ಪ್ರತಿ ದಿನದ ಚೌಕದಲ್ಲಿ ಅವತ್ತು ರಾತ್ರಿ ಮಲಗುವ ಊರಿನ ಹೆಸರು. ಆ ಊರಿನ ಯಾರಾದರೂ ಒಬ್ಬರ ನಂಬರು. ಫೋನ್ ಮಾಡುವ ಹೊತ್ತು, ಮತ್ತು ಮಾಡದಿದ್ದರೆ ನಾನು ಏನು ಮಾಡಬೇಕು ಅನ್ನುವುದು. ರಾತ್ರಿ ಎಂಟರೊಳಗೆ ಫೋನ್. ಬಾರದಿದ್ದರೆ ಬೆಳಿಗ್ಗೆ ಹತ್ತರವರೆಗೆ ಕಾಯುವುದು. ಹತ್ತಾದರೆ ಆ ಊರಿನ ನಂಬರಿಗೆ ಫೋನ್. ಅಲ್ಲಿಯೂ ಸುದ್ದಿ ಇಲ್ಲದಿದ್ದರೆ 112.

ಅವತ್ತಿನಿಂದ ನಿದ್ದೆ ಬಂತು. ಅಂಜಿಕೆ ಹೋಗಲಿಲ್ಲ. ಆದರೆ ಎಷ್ಟು ಹೊತ್ತಿನವರೆಗೆ ಅಂಜಬಾರದು ಅಂತ ಗೊತ್ತಾಯಿತು.

ನಿಮ್ಮ ಅವ್ವನಿಗೆ ತಮ್ಮ ಹೋದ ದಿನ ಯಾರೂ ಏನೂ ಹೇಳಿರಲಿಕ್ಕಿಲ್ಲ. ಅವರ ಮುಂದೆ ನಕ್ಷೆ ಹಾಸಿಕೊಂಡು ಕೂತುಕೊಳ್ಳಿ. ಒಪ್ಪಿಸಲು ಹೋಗಬೇಡಿ. ಸುಮ್ನೆ ಊರುಗಳ ಹೆಸರು ಓದಿ.

ಭೀಮಾದಂಡೆ (ನವೆಂಬರ್ 4)

ಅಕ್ಕಾ, ನೀವು ಹೇಳಿದ ಹಾಗೇ ಮಾಡಿದೆ. ಊಟ ಆದ ಮೇಲೆ ನಕ್ಷೆ ಹಾಸಿ ಊರಿನ ಹೆಸರು ಜೋರಾಗಿ ಓದುತ್ತಾ ಹೋದೆ. ಅವ್ವ ಬೆಳ್ಳುಳ್ಳಿ ಸುಲಿಯುತ್ತಾ ಕೂತಿದ್ದಳು. ಆರೋ ಏಳೋ ಊರು ಓದಿರಬೇಕು. "ಆ ಊರಲ್ಲಿ ನಮ್ಮ ಬೀಗರಿದ್ದಾರೆ" ಅಂದಳು. ಹದಿನೈದು ದಿನಕ್ಕಿಂತ ಜಾಸ್ತಿ ಆಗಿತ್ತು ಈ ವಿಷಯದಲ್ಲಿ ಅವಳ ಬಾಯಿಂದ ಮಾತು ಬಂದು.

ಆಮೇಲೆ ನಿಲ್ಲಲಿಲ್ಲ. ಈ ಊರಲ್ಲಿ ಅಕ್ಕನ ನಾದಿನಿ, ಆ ಊರಲ್ಲಿ ಅಪ್ಪನ ಜೊತೆ ಎತ್ತು ಮಾರುತ್ತಿದ್ದವರ ಮನೆ, ಇನ್ನೊಂದರಲ್ಲಿ ಮಠ. ಸನ್ನತಿಯಲ್ಲಿ ಚಂದ್ರಲಾಂಬಾ ಗುಡಿಯ ಹತ್ತಿರ ಉಳಿಯಬೇಕು, ಅಲ್ಲಿ ಹರಕೆ ಬಾಕಿ ಇದೆ. ಎರಡು ಕಡೆ ಹೊಳೆದಂಡೆಯಲ್ಲಿ ಟೆಂಟು ಹಾಕುತ್ತೇವೆ ಅಂದದ್ದಕ್ಕೆ ಬೇಡವೇ ಬೇಡ ಅಂದಳು. ದಂಡೆ ಬಿಟ್ಟು ಎರಡು ಕಿ.ಮೀ. ಜಾಸ್ತಿ ನಡೆದರೂ ಪರವಾಗಿಲ್ಲ, ಊರಲ್ಲೇ ಮಲಗಬೇಕು. ನಾನು ಒಪ್ಪಿಕೊಂಡೆ. ಈಗ ಟೆಂಟೇ ಬೇಡ. ಎರಡು ಕೆ.ಜಿ. ಕಡಿಮೆ ಆಯಿತು.

ನನ್ನ ಅಕ್ಕನ ಮಗಳು ಕ್ಯಾಲೆಂಡರಿನಲ್ಲಿ ಬರೆದಳು. ಅವಳು ಇಲ್ಲೇ ಕಾಲೇಜಿಗೆ ಹೋಗುತ್ತಾಳೆ, ನಾನು ಬರುವವರೆಗೆ ಮನೆಯಲ್ಲೇ ಇರುತ್ತಾಳೆ. ಗುಳಿಗೆ ಡಬ್ಬಿಯೂ ಅವಳೇ ತುಂಬುತ್ತಿದ್ದಾಳೆ. ಸಿಲಿಂಡರ್ ತುಂಬಿಸಿದೆ, ಕರೆಂಟ್ ಬಿಲ್ ಕಟ್ಟಿದೆ. ತೊಗರಿಗೆ ಕಾಕಾನ ಮಗ ಆಳು ಹಚ್ಚುತ್ತಾನೆ, ಕೂಲಿ ಹಣ ಅವನ ಕೈಗೆ ಮುಂಚೆಯೇ ಕೊಟ್ಟಿದ್ದೇನೆ. ಬ್ಯಾಂಕ್ ಖಾತೆಯ ನಾಮಿನಿ ಇನ್ನೂ ಅಪ್ಪನ ಹೆಸರಲ್ಲೇ ಇತ್ತು. ಅಪ್ಪ ಹೋಗಿ ಆರು ವರ್ಷ. ಅದನ್ನು ಅವ್ವನ ಹೆಸರಿಗೆ ಬದಲಾಯಿಸಿದೆ. ದಾರಿಯ ಪೊಲೀಸ್ ಠಾಣೆಗಳಿಗೆ ನಮ್ಮಿಬ್ಬರ ಹೆಸರು, ದಿನಾಂಕ ಬರೆದು ಪತ್ರ ಕೊಡುತ್ತಿದ್ದೇವೆ.

ಶಹಾಬಾದ್ ಕಲ್ಲು (ನವೆಂಬರ್ 5)

ಸನ್ನತಿಯಲ್ಲಿ ಒಂದು ರಾತ್ರಿ ಅಲ್ಲ, ಎರಡು ರಾತ್ರಿ ಇರಿ. ಅದೇ ಚಂದ್ರಲಾಂಬಾ ಗುಡಿಯ ಆವರಣದಲ್ಲಿ, ಕಾಳಿ ಗುಡಿಯ ಚಾವಣಿ ಕುಸಿದಾಗ, ಅಶೋಕನ ಶಾಸನದ ಕಲ್ಲು ಸಿಕ್ಕಿದ್ದು. ಹತ್ತಿರದ ಕನಗನಹಳ್ಳಿಯಲ್ಲಿ ಬೌದ್ಧ ಸ್ತೂಪ ಇದೆ. "ರಾಯೋ ಅಸೋಕೋ" ಅಂತ ಹೆಸರು ಕೆತ್ತಿದ ಅಶೋಕನ ಚಿತ್ರ ಸಿಕ್ಕಿದ್ದು ಅಲ್ಲೇ. ಎರಡು ಸಾವಿರ ವರ್ಷದ ಹಿಂದೆ ಜನ ಈ ಹೊಳೆದಂಡೆ ಹಿಡಿದೇ ಅಲ್ಲಿಗೆ ಬರುತ್ತಿದ್ದಿರಬೇಕು. ನೀವು ಕಾರಿನಲ್ಲಿ ಹೋಗುತ್ತಿಲ್ಲ, ಹೊಳೆಯ ಕಡೆಯಿಂದ ಹತ್ತಿ ಹೋಗುತ್ತಿದ್ದೀರಿ. ಅವಸರ ಮಾಡಬೇಡಿ.

ಸೇಡಂ ಕಾಕಾ (ನವೆಂಬರ್ 5)

ಬುತ್ತಿ ಏನು ಮಾಡಿದಿ ತಮ್ಮಾ? ಅದನ್ನು ಬರೆಯಲೇ ಇಲ್ಲ.

ಭೀಮಾದಂಡೆ (ನವೆಂಬರ್ 24)

ಕಾಕಾ, ಬುತ್ತಿ ಅವ್ವನದು. ಎರಡು ದಿನದಿಂದ ಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು. ಕಡಕ್ ರೊಟ್ಟಿ 60, ಶೇಂಗಾ ಹಿಂಡಿ, ಅಗಸಿ ಹಿಂಡಿ, ಹುರಿದ ಶೇಂಗಾ, ಬೆಲ್ಲ. ಮೊದಲ ಎರಡು ಮೂರು ದಿನಕ್ಕೆ ಮಾದಲಿ. ರೊಟ್ಟಿ ಪುಡಿಯಾಗದ ಹಾಗೆ ಸ್ಟೀಲ್ ಡಬ್ಬಿ ಬೇಕು ಅಂತ ಅವ್ವ, ಭಾರ ಆಗುತ್ತದೆ ಅಂತ ನಾನು. ಕೊನೆಗೆ ರಟ್ಟಿನ ಎರಡು ತುಂಡಿನ ನಡುವೆ ಇಟ್ಟು ಬಟ್ಟೆ ಸುತ್ತಿದಳು. ನೀರು ತಾಗದ ಹಾಗೆ ಹೊರಗೆ ದಪ್ಪ ಪ್ಲಾಸ್ಟಿಕ್ ಚೀಲ.

ಬ್ಯಾಗು ದೋಣಿ ಸೇರಿ 13 ಕೆ.ಜಿ. ಗೆಳೆಯನದು 9. ಹಗ್ಗ ಎಸೆಯುವುದರಲ್ಲಿ ಅವನು ಈಗ ನನಗಿಂತ ಜಾಣ. ಮೊನ್ನೆ ಕೆರೆಯಲ್ಲಿ ಮತ್ತೆ ಮಗುಚಿ ನೋಡಿದೆವು. ಐದು ಸಲ ಎಸೆದದ್ದರಲ್ಲಿ ನಾಲ್ಕು ಸಲ ಹಗ್ಗ ನನ್ನ ಕೈಗೇ ಬಂತು. ಫೋನಿನಲ್ಲಿ ನಕ್ಷೆ ಇದೆ, ಕಾಗದದ ಮೇಲೂ ಇದೆ. ಸೊನ್ನದ ಸುದ್ದಿ ದಿನಾ ಕೇಳುತ್ತಿದ್ದೇನೆ.

ನಾಳೆ ಗಾಣಗಾಪುರಕ್ಕೆ ಅವ್ವನೂ ಬರುತ್ತಾಳೆ. ಹಸಿರು ಬಳೆ, ಕುಬಸದ ಖಣ, ಅಕ್ಕಿ, ಕೊಬ್ಬರಿ ಬಟ್ಟಲು ಎಲ್ಲ ಚೀಲದಲ್ಲಿ ಇಟ್ಟುಕೊಂಡಿದ್ದಾಳೆ. ಸಂಗಮದಲ್ಲಿ ಹೊಳೆಗೆ ಉಡಿ ತುಂಬಬೇಕಂತೆ. ತಮ್ಮ ಹೋದ ಮೇಲೆ ಅವ್ವ ಹೊಳೆಗೆ ಇಳಿದವಳಲ್ಲ. ನಾನು ಏನೂ ಕೇಳಲಿಲ್ಲ. ಆಕೆಯ ಪಕ್ಕ ನಿಂತು ಕೈ ಹಿಡಿದುಕೊಳ್ಳುತ್ತೇನೆ.

ಬೆಳಿಗ್ಗೆ ಐದೂವರೆಗೆ ಬಸ್ಸು.

ಆಳಂದದ ಅಕ್ಕ (ನವೆಂಬರ್ 24)

ನಿಮ್ಮ ಅಕ್ಕನ ಮಗಳಿಗೆ ನನ್ನ ನಂಬರು ಕೊಟ್ಟು ಹೋಗಿ. ಬೆಳಿಗ್ಗೆ ಹತ್ತರವರೆಗೆ ಕಾಯುವುದು ಮೊದಲ ಸಲ ಕಷ್ಟ. ಆಗ ನನಗೆ ಫೋನ್ ಮಾಡಲಿ, ಜೊತೆಗೆ ಕಾಯುತ್ತೇನೆ.

ಯಾದಗಿರಿ ಅಂಬಿಗ (ನವೆಂಬರ್ 24)

ಅಣ್ಣಾರ, ಸನ್ನತಿ ಬಿಡುವ ದಿನ ಒಂದು ಫೋನ್ ಮಾಡಿ. ಗುರುಸಣಗಿ ಹತ್ತಿರ ಗೇಟಿಗೆ ಬಹಳ ಮುಂಚೆಯೇ ದಂಡೆಯಲ್ಲಿ ನಿಂತು ಕೆಂಪು ಟವೆಲ್ ಬೀಸುತ್ತೇನೆ. ಟವೆಲ್ ಕಂಡಲ್ಲೇ ದೋಣಿ ದಂಡೆಗೆ ಹಚ್ಚಿ. ಊಟ ನಮ್ಮ ಮನೆಯಲ್ಲಿ.